ಕಲಗಚ್ಚಿಗೆ ಬಗ್ಗಿದ ಎಸ್ಟೀಮ್

ನಮ್ಮನೇಲಿ 2001ನೇ ಇಸವಿಯ ಒಂದು ಮಾರುತಿ ಎಸ್ಟೀಮ್ ಇದೆ. ಅಪ್ಪ ಕೊಂಡಿದ್ದು. ಇದರ ತಯಾರಿಕೆ 2007ಕ್ಕೇ ನಿಂತುಹೋಯಿತು. ಆದರೆ ಆ 1.3 ಲೀಟರ್ ಎಂಜಿನ್ನಿಗೆ ಆ ಸುದ್ದಿ ಯಾರೂ ಮುಟ್ಟಿಸಿಲ್ಲ. ಇವತ್ತಿಗೂ ಒಂದೇ ಕೀಲಿಗೆ ಸ್ಟಾರ್ಟ್ ಆಗುತ್ತದೆ.

ನನಗಿದ್ದ ಬೇಜಾರು ಒಂದೇ. ಮುಂದಿನ ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಸಲೀಸಾಗಿ ಹೋಗುತ್ತಿತ್ತು. ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿಯಲು ನಿಂತವರ ಹಾಗೆ ಕಾಣುತ್ತಿತ್ತು ಕಾರು. ಒಂದು ದಿನ ಗೆಳೆಯನ ಮೊಬೈಲಿನಲ್ಲಿ ಇದೇ ಎಸ್ಟೀಮ್ ನೆಲಕ್ಕೆ ಅಂಟಿಕೊಂಡು ನಿಂತ ಫೋಟೊ ನೋಡಿದೆ. ತಲೆ ಕೆಟ್ಟುಹೋಯಿತು.

ಹೊಸ ಸ್ಪ್ರಿಂಗ್ ಹಾಕಿ ಕಾರನ್ನು ಹಾಗೆ ತಗ್ಗಿಸಬಹುದಾ ಅಂತ ಹತ್ತಿರದ ಗ್ಯಾರೇಜಿನವರನ್ನು ಕೇಳಿದೆ.

"ಹೊಸ ಸ್ಪ್ರಿಂಗ್ ಯಾಕೆ ಸಾರ್, ದುಡ್ಡು ದಂಡ. ಇರೋದನ್ನೇ ಒಂದೂವರೆ ಸುತ್ತು ಕಟ್ ಮಾಡಿದ್ರಾಯ್ತು. ಸಂಜೆ ಬನ್ನಿ."

ಪ್ಯಾಂಟಿನ ಕಾಲು ಗಿಡ್ಡ ಮಾಡಿಕೊಡುವ ಟೈಲರ್ ಕೂಡ ಇದಕ್ಕಿಂತ ಜಾಸ್ತಿ ಯೋಚನೆ ಮಾಡುತ್ತಾನೆ. ಮನೆಗೆ ಬಂದು ಸ್ವಲ್ಪ ಓದಿಕೊಂಡೆ. ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಗಡುಸಾಗುತ್ತದಂತೆ. ಜಾಕ್ ಹಾಕಿ ಗಾಡಿ ಎತ್ತಿದರೆ ಆ ಮೋಟು ಸ್ಪ್ರಿಂಗ್ ಕೂತ ಜಾಗದಲ್ಲೇ ಸಡಿಲವಾಗಿ ಲೊಡಲೊಡ ಅನ್ನುತ್ತದೆ. ಇಳಿಸಿದಾಗ ಮತ್ತೆ ಅಲ್ಲೇ ಕೂರುತ್ತದೆ ಅಂತ ಗ್ಯಾರಂಟಿ ಇಲ್ಲ. ಇನ್ನೊಂದು ಗ್ಯಾರೇಜಿನವರು ಗ್ಯಾಸಿನಲ್ಲಿ ಕಾಯಿಸಿ ಕುಗ್ಗಿಸೋಣ ಅಂದರು. ಹಾಗೆ ಕಾಯಿಸಿದರೆ ಉಕ್ಕಿನ ಹದವೇ ಹೋಗುತ್ತದೆ. ಕೈಮುಗಿದು ಬಂದೆ.

ಕೊನೆಗೆ ರೆಡಿಮೇಡ್ ಸ್ಪ್ರಿಂಗೇ ಸರಿ ಅನ್ನಿಸಿತು. 30, 45, 60 ಮಿಲಿಮೀಟರ್ ತಗ್ಗಿಸುವಂಥವು ಸಿಗುತ್ತವೆ. ಮನಸ್ಸು ಸೀದಾ 60ಕ್ಕೆ ಹೋಯಿತು. ತಡೆದದ್ದು ನಮ್ಮ ಬೀದಿಯ ಹಂಪು. ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪು ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯುವಂಥದ್ದು. ನಮ್ಮ ಬೀದಿಯದ್ದಕ್ಕೆ ಅಳತೆ ಕೊಟ್ಟವರು ಮೂಲೆ ಮನೆ ಅಂಕಲ್. ಉಳಿದ ಟಾರೆಲ್ಲ ಅಲ್ಲೇ ಸುರಿಸಿದ್ದಾರೆ. ಅದು ಹಂಪಲ್ಲ, ಕೋಟೆ ಗೋಡೆ.

ಭಾವಮೈದ ವಕೀಲ. ಅವನೂ ಸುಮ್ನಿರಲಿಲ್ಲ. "ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದಿದ್ದೀರಾ ಭಾವ? ಗಾಡೀನ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ" ಅಂದ. ಅವನ ಮಾತಿಗೆ ಹೆದರಿ 30ಕ್ಕೆ ಇಳಿದೆ ಅಂತ ಅವನು ತಿಳಿದುಕೊಂಡಿದ್ದಾನೆ. ನಿಜಕ್ಕೂ ಹೆದರಿಸಿದ್ದು ಮೂಲೆ ಮನೆ ಅಂಕಲ್.

ನಾಲ್ಕು ಸ್ಪ್ರಿಂಗ್, ಹದಿನಾಲ್ಕು ಸಾವಿರ. ಹೆಂಡತಿಗೆ ಹೇಳಿದ್ದು "ಸ್ವಲ್ಪ ಸಸ್ಪೆನ್ಷನ್ ಕೆಲಸ ಇದೆ" ಅಂತ. ಅದು ಸುಳ್ಳಲ್ಲವಲ್ಲ.

ಮುಂದಿನ ಎರಡೂ ಚೆನ್ನಾಗಿ ಕೂತವು. ನಾಲ್ಕು ಬೆರಳು ಮೂರಾಯಿತು. ಹಿಂದಿನದನ್ನು ಬಿಚ್ಚಿದ ಹುಡುಗ ಹಳೇ ಸ್ಪ್ರಿಂಗನ್ನೂ ಹೊಸದನ್ನೂ ಸಿಮೆಂಟು ನೆಲದ ಮೇಲೆ ಅಕ್ಕಪಕ್ಕ ನಿಲ್ಲಿಸಿದ. ಹಳೇದು ತುಕ್ಕು ಹಿಡಿದು ಕಂದು ಬಣ್ಣ. ಹೊಸದು ಕೆಂಪು. ನಾನು ಮೊಬೈಲ್ ತೆಗೆದು ಫೋಟೊ ಹಿಡಿಯಲು ಬಗ್ಗಿದೆ. ಏನೋ ಸರಿಯಿಲ್ಲ ಅನ್ನಿಸಿತು. ಹುಡುಗ ಎರಡರ ತಲೆಯ ಮೇಲೂ ಸ್ಪ್ಯಾನರನ್ನು ಅಡ್ಡ ಇಟ್ಟ. ಸ್ಪ್ಯಾನರ್ ಹಳೇದರ ಕಡೆಗೆ ವಾಲಿತು.

ಮೇನ್ ಮೆಕ್ಯಾನಿಕ್ ಬಂದು ನೋಡಿದರು. ಕೈ ಒರೆಸಿಕೊಂಡರು.

"ಗಾಡಿಗೆ ಗ್ಯಾಸ್ ಹಾಕ್ಸಿದ್ರಾ ಸಾರ್?"

ಹೌದು, ಅಪ್ಪ ಹಾಕಿಸಿದ್ದರು. ಎಂಟು ವರ್ಷ ಡಿಕ್ಕಿಯಲ್ಲಿ ಎಲ್‌ಪಿಜಿ ಸಿಲಿಂಡರ್ ಕೂತಿತ್ತು. ಅದರ ಜೊತೆಗೆ ಪ್ರತಿ ಸುಗ್ಗಿಗೂ ಊರಿಂದ ಅಕ್ಕಿ, ತೆಂಗಿನಕಾಯಿ. ಹಲಸಿನ ಕಾಲದಲ್ಲಿ ಹಲಸು.

"ಅದಕ್ಕೇ. ಹಿಂದ್ಗಡೆ ಸ್ಪ್ರಿಂಗ್ ಕುಸಿದು ಕೂತಿದೆ. ನಿಮ್ ತಂದೆಯವರು ಆಗ್ಲೇ ಲೋ ಮಾಡ್ಸಿಬಿಟ್ಟಿದ್ರು ಸಾರ್. ಅದೂ ಫ್ರೀಯಾಗಿ."

ನಾನು ಮುಂದಿನ ಚಕ್ರಕ್ಕೆ ಬೆರಳಿಟ್ಟು ಅಳೆದಿದ್ದೆ. ಹಿಂದಿನದನ್ನು ನೋಡಿರಲೇ ಇಲ್ಲ. ಯಾರು ನೋಡುತ್ತಾರೆ, ಹೇಳಿ? ಫೋಟೊ ತೆಗೆಯೋದು ಮೂತಿಯದ್ದೇ ಅಲ್ವಾ. ಬಿಚ್ಚಿದ್ದಾಗಿತ್ತು, ಹೊಸದನ್ನೇ ಹಾಕಿದರು. ಶೆಡ್ಡಿನಿಂದ ಹೊರಗೆ ಬಂದ ಕಾರನ್ನು ದೂರ ನಿಂತು ನೋಡಿದೆ. ಮುಂದೆ ತಗ್ಗಿತ್ತು. ಹಿಂದೆ ಮೊದಲಿಗಿಂತ ಒಂದು ಬೆರಳು ಎದ್ದಿತ್ತು. ಎಮ್ಮೆ ಬಗ್ಗಿ ಕಲಗಚ್ಚು ಕುಡಿಯುವಾಗ ಹೇಗೆ ನಿಲ್ಲುತ್ತದೋ, ಥೇಟ್ ಹಾಗೆ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವಾಗ ಮುಂದಿನ ಬಂಪರ್ ಕರ್ ಅಂತ ಉಜ್ಜಿತು. ವಾಚ್‌ಮನ್ ಓಡಿ ಬಂದ. ಹೆಂಡತಿ ಬಾಲ್ಕನಿಯಿಂದ ನೋಡಿದಳು.

"ರೀ, ಹಿಂದಿನ ಟೈರಿಗೆ ಗಾಳಿ ಜಾಸ್ತಿ ಆಗಿದ್ಯಾ?"

ಮುಂದಿನ ವಾರ ಊರಿಗೆ ಹೋದೆವು. ವಾಪಸ್ ಹೊರಡುವಾಗ ಅಮ್ಮ ಎಂದಿನ ಹಾಗೆ ಡಿಕ್ಕಿ ತುಂಬಿಸಿದರು. 50 ಕೆಜಿ ಅಕ್ಕಿ, ಮೂವತ್ತು ತೆಂಗಿನಕಾಯಿ, ಒಂದು ಬಾಳೆಗೊನೆ. ಬಾಗಿಲು ಹಾಕಿ ಹಿಂದೆ ಸರಿದು ನೋಡುತ್ತೇನೆ, ಕಾರು ಅಳತೆಪಟ್ಟಿ ಇಟ್ಟ ಹಾಗೆ ಮಟ್ಟವಾಗಿ ನಿಂತಿದೆ! ಹಿಂದೆ ಮೂರು ಬೆರಳು, ಮುಂದೆ ಮೂರು ಬೆರಳು. ಆ ಫೋಟೊದಲ್ಲಿದ್ದ ಕಾರಿನ ಹಾಗೇ. ಅಮ್ಮ ಬಾಗಿಲಲ್ಲಿ ಟಾಟಾ ಮಾಡಲು ನಿಂತಿದ್ದರು. ನಾನು ಮಾತ್ರ ಅಂಗಳದಲ್ಲಿ ಮಂಡಿಯೂರಿ ಕಾರಿನ ಫೋಟೊ ಹೊಡೆಯುತ್ತಿದ್ದೆ.

ಬೆಂಗಳೂರಿಗೆ ಬಂದು ಎರಡು ವಾರವಾಯಿತು. ಕಾಯಿ, ಬಾಳೆಗೊನೆ ಮೇಲೆ ಹೋದವು. ಅಕ್ಕಿ ಮೂಟೆ ಇನ್ನೂ ಡಿಕ್ಕಿಯಲ್ಲೇ ಇದೆ. ನಿನ್ನೆ ಡಬ್ಬ ಖಾಲಿಯಾಯಿತು ಅಂತ ಹೆಂಡತಿ ಕೀ ಕೇಳಿದಳು. ಅಂಗಡಿಯಿಂದ ಐದು ಕೆಜಿ ತಂದುಕೊಟ್ಟೆ.