ಅಮ್ಮ ಪಾರಾ, ಅಮ್ಮನ ಪಾರಾಯಣ

ನಿನ್ನೆ ಸಂಜೆಯೂ ಅದೇ ಆಯಿತು. ಸೂರ್ಯಾಸ್ತದ ಮಗ್ರಿಬ್ ನಮಾಜು ಮುಗಿಸಿ, ಮಹಡಿಯ ಮೇಲಿನ ನನ್ನ ಬಾಡಿಗೆ ಕೋಣೆಯ ಕಿಟಕಿಗಳನ್ನು ಮುಚ್ಚಿ, ಈರುಳ್ಳಿ ಗಾಡಿಯ ಧ್ವನಿವರ್ಧಕವು ಮುಂದಿನ ತಿರುವು ದಾಟುವವರೆಗೆ ಕಾದು, ರೆಹಲಿನ ಮೇಲೆ ಮೊಬೈಲನ್ನು ಒರಗಿಸಿಕೊಂಡು ಕುಳಿತೆ. ರೆಹಲು ಕುರ್‌ಆನ್ ಗ್ರಂಥವನ್ನಿಡುವ ಮರದ ಪೀಠ. ಅದರ ಮೇಲೆ ಮೊಬೈಲಿಡುವುದು ಸೊಗಸಲ್ಲವೆಂದು ನನಗೂ ಗೊತ್ತು. ಆದರೆ ಅಚ್ಚಿನ ಪ್ರತಿಯಲ್ಲಿ ಅಕ್ಷರಗಳ ಮೇಲೂ ಕೆಳಗೂ ಇರುವ ಗುರುತುಗಳು ನನ್ನ ಚಾಳೀಸು ಕಣ್ಣಿಗೆ ಇರುವೆಸಾಲಿನಂತೆ ಹರಿದಾಡುತ್ತವೆ. ಮೊಬೈಲಿನಲ್ಲಾದರೆ ಎರಡು ಬೆರಳಿನಿಂದ ಎಳೆದು ಅವನ್ನು ಗೊದ್ದದ ಗಾತ್ರಕ್ಕೆ ತರಬಹುದು, ಒಂದೊಂದು ಆಯತ್ತನ್ನೂ, ಅಂದರೆ ವಾಕ್ಯವನ್ನೂ, ಮೂರು ಮೂರು ಸಲ ಕೇಳಿಸಿಕೊಳ್ಳಬಹುದು. ‘ಅಊಜು ಬಿಲ್ಲಾಹಿ’ ಎಂದು ಸೈತಾನನಿಂದ ರಕ್ಷಣೆ ಬೇಡಿದೆ. ‘ಬಿಸ್ಮಿಲ್ಲಾಹ್’ ಎಂದೆ. 78ನೆಯ ಸೂರಾದ, ಅಂದರೆ ಅಧ್ಯಾಯದ, ಮೊದಲ ಪದವಾದ ‘ಅಮ್ಮ’ದ ಮೇಲೆ ದೃಷ್ಟಿ ನೆಟ್ಟು, ಗಂಟಲನ್ನು ಅಣಿಗೊಳಿಸಿಕೊಂಡು ಬಾಯಿ ತೆರೆದೆ. ಸರಿಯಾಗಿ ಆ ಗಳಿಗೆಗೆ ಪರದೆಯ ಮೇಲಿದ್ದ ಅರಬಿಯ ‘ಅಮ್ಮ’ ಮಾಯವಾಗಿ ಕನ್ನಡದ ‘ಅಮ್ಮ’ ಕಾಣಿಸಿಕೊಂಡಿತು. ತಿಪಟೂರಿನ ಹತ್ತಿರದ ನಮ್ಮೂರಿನಿಂದ ಕರೆ. ಸೈತಾನನನ್ನು ದೂರವಿಡುವ ಆ ವಾಕ್ಯ ಅಮ್ಮಂದಿರಿಗೆ ಅನ್ವಯಿಸುವುದಿಲ್ಲ.

ನಾನು ಇಸ್ಲಾಮಿಗೆ ಬಂದು ಎರಡು ವರ್ಷವಾಯಿತು. ಏಕೆ ಬಂದೆ ಎಂಬ ಪ್ರಶ್ನೆಗೆ ತುಮಕೂರಿನ ಟೀ ಅಂಗಡಿಗಳಲ್ಲೆಲ್ಲ ಉತ್ತರ ಹೇಳಿ ಸಾಕಾಗಿರುವುದರಿಂದ ಅದು ಇಲ್ಲಿ ಬೇಡ. ಬಂದ ಮೇಲೆ ಓದಿನಲ್ಲಿ ಮನಸ್ಸು ನಿಲ್ಲುತ್ತಿದೆಯೇ ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.

ನಿಲ್ಲುವುದಿಲ್ಲ. ಮೊದಮೊದಲು ನಾನು ಎಲ್ಲ ಪುಸ್ತಕಗಳಂತೆ ಇದನ್ನೂ ಮೊದಲ ಪುಟದಿಂದ ಹಿಡಿದು ಕನ್ನಡ ಅನುವಾದದಲ್ಲಿ ಓದಲು ಹೊರಟೆ. ಕುರ್‌ಆನಿನ 114 ಸೂರಾಗಳು ಅವತೀರ್ಣವಾದ ಕ್ರಮದಲ್ಲಿಲ್ಲ. ಹೆಚ್ಚುಕಡಿಮೆ ದೊಡ್ಡವು ಮೊದಲು, ಚಿಕ್ಕವು ಕೊನೆಗೆ ಬರುತ್ತವೆ. ಹೀಗಾಗಿ 7 ಆಯತ್‌ಗಳ ಫಾತಿಹಾವನ್ನು ಹುರುಪಿನಿಂದ ದಾಟಿದವನ ಎದುರಿಗೆ 286 ಆಯತ್‌ಗಳ ಬಕರಾ ಬೆಟ್ಟದಂತೆ ನಿಂತಿರುತ್ತದೆ. ಆ ಬೆಟ್ಟದಲ್ಲಿ ನಾನು ಒಂದೇ ಒಂದು ಕಡೆ ತೂಕಡಿಸದೆ ಓದಿದೆ. ಅದು 282ನೆಯ ಆಯತ್, ಇಡೀ ಕುರ್‌ಆನಿನಲ್ಲೇ ಅತಿ ಉದ್ದನೆಯದು, ಸುಮಾರು ಒಂದು ಪುಟ ತುಂಬುವಂಥದು. ಅದರಲ್ಲಿರುವುದು ಸಾಲಪತ್ರದ ವಿಷಯ. ಅವಧಿ ಗೊತ್ತುಮಾಡಿ ಸಾಲ ಕೊಟ್ಟರೆ ಬರೆದಿಡಬೇಕು, ಬರೆಯಬಲ್ಲವನು ಬರೆಯಲಾರೆನೆನ್ನಬಾರದು, ಸಾಕ್ಷಿಗಳು ಕರೆದಾಗ ತಪ್ಪಿಸಿಕೊಳ್ಳಬಾರದು, ಮೊತ್ತ ಸಣ್ಣದಾದರೂ ಬರೆಯುವುದಕ್ಕೆ ಬೇಸರಪಡಬಾರದು, ಬರೆದವನಿಗೂ ಸಾಕ್ಷಿಗೂ ತೊಂದರೆಯಾಗಬಾರದು. ನಾನು ವೃತ್ತಿಯಿಂದ ಪತ್ರಬರಹಗಾರ. ಇಪ್ಪತ್ತು ವರ್ಷಗಳಿಂದ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆದು, ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಬೀಡಿ ಸೇದಲು ಕಣ್ಮರೆಯಾಗುವ ಸಾಕ್ಷಿಗಳನ್ನು ಹುಡುಕಿ ಹುಡುಕಿ ತಂದವನು. ಜಗತ್ತಿನ ಒಂದು ಮಹಾಗ್ರಂಥದ ಅತಿ ಉದ್ದನೆಯ ವಾಕ್ಯವೇ ನಮ್ಮ ಕಸುಬಿಗೆ ಮೀಸಲಾಗಿದೆಯೆಂದು ತಿಳಿದು ಕಣ್ಣು ಮಂಜಾಯಿತು. ಆದರೆ ಏಕಾಗ್ರತೆ ಹಾಳಾದದ್ದೂ ಅಲ್ಲಿಯೇ: ಓದುತ್ತಿದ್ದಂತೆ ಮರುದಿನದ ಪತ್ರವೊಂದರ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಬರೆಯಬೇಕಾದ ಓಣಿಯನ್ನು ಪಶ್ಚಿಮಕ್ಕೆ ಬರೆದಿರುವುದು ನೆನಪಾಗಿ, ಎದ್ದು ಹೋಗಿ ಕಡತ ಬಿಚ್ಚಿದೆ.

ಅರಬಿ ಅಕ್ಷರ ಕಲಿಯಲು, ಕುರ್‌ಆನ್ ಓದು ಕಲಿಸುವ ಗುರುಗಳಾದ ಹಜ್ರತರ ಬಳಿಗೆ ಹೋದೆ. ಅಲ್ಲಿ ಏಳೆಂಟು ವರ್ಷದ ಹುಡುಗರ ಸಾಲಿನಲ್ಲಿ, ಮಂಡಿ ಮಡಿಸಲು ಬಾರದ ನಲವತ್ತೆರಡರ ಹುಡುಗನಾಗಿ ಕುಳಿತೆ. ಹಾಲಿಗೆ ‘ಆಲು’ ಎಂದೂ ಆನೆಗೆ ‘ಹಾನೆ’ ಎಂದೂ ಹೇಳುವವರ ನಡುವೆ ಬೆಳೆದ ನನಗೆ, ಅರಬಿಯಲ್ಲಿ ಹಕಾರವೇ ಎರಡು ಬಗೆಯದಿದೆ ಎಂಬ ಸುದ್ದಿ ಸಿಡಿಲಿನಂತೆ ಎರಗಿತು. ಕಕಾರವೂ ಎರಡು, ‘ಕಲ್ಬ್’ ಎಂಬ ಪದದ ಕಕಾರ ನಾಲಗೆಯ ಬುಡದಿಂದ ಬಂದರೆ ಹೃದಯವೆಂದು ಅರ್ಥ, ಸ್ವಲ್ಪ ಮುಂದಕ್ಕೆ ಜಾರಿದರೆ ನಾಯಿ. ನಾನು ಎಷ್ಟೋ ದಿನ ಪ್ರಾಮಾಣಿಕವಾಗಿ ನಾಯಿಯನ್ನೇ ಓದಿದೆ, ಪಕ್ಕದ ಹುಡುಗ ಮೂಗು ಒರೆಸಿಕೊಳ್ಳುತ್ತಲೇ ತಿದ್ದಿದ. ತಡವರಿಸಿ ಕಷ್ಟಪಟ್ಟು ಓದುವವನಿಗೆ ಇಮ್ಮಡಿ ಪುಣ್ಯವೆಂಬ ಹದೀಸ್, ಅಂದರೆ ಪ್ರವಾದಿವಚನ, ಇದೆಯೆಂದು ಹಜ್ರತ್ ಸಮಾಧಾನ ಹೇಳಿದರು. ಆ ಲೆಕ್ಕದಲ್ಲಿ ಆ ಕೋಣೆಗೆಲ್ಲ ನಾನೇ ಸಾಹುಕಾರ.

ಕೆಲವು ತಿಂಗಳಾದ ಮೇಲೆ ಅವರು, “ಇನ್ನು ಅಮ್ಮ ಪಾರಾ ಶುರು ಮಾಡಿ” ಎಂದರು. ನಾನು ಗದ್ಗದಿತನಾದೆ. ತಾಯಂದಿರ ಮಹಿಮೆಗೆ ಇಡೀ ಭಾಗವೊಂದನ್ನು ಮೀಸಲಿಟ್ಟಿದ್ದಾರೆಂದು ಭಾವಿಸಿ, ಮನೆಗೆ ಬಂದು ಅನುವಾದ ತೆರೆದರೆ ಅಲ್ಲಿ ಪ್ರಳಯ, ಆಕಾಶದ ಬಿರುಕು, ಉದುರುವ ನಕ್ಷತ್ರಗಳು! ಆಮೇಲೆ ತಿಳಿಯಿತು: ಪಾರಾ ಎಂದರೆ ಪಾರ್ಸಿಯಲ್ಲಿ ತುಂಡು. ಕುರ್‌ಆನನ್ನು ಓದಿನ ಅನುಕೂಲಕ್ಕಾಗಿ 30 ಪಾರಾಗಳಾಗಿ ವಿಂಗಡಿಸಿದ್ದಾರೆ. ಕೊನೆಯದರಲ್ಲಿ 37 ಸೂರಾಗಳಿದ್ದು ಹೆಚ್ಚಿನವು ಪುಟ್ಟವಾದ್ದರಿಂದ ಮಕ್ಕಳಿಗೆ ಅದನ್ನೇ ಮೊದಲು ಕಲಿಸುತ್ತಾರೆ. ಅದರ ಮೊದಲ ಪದ ‘ಅಮ್ಮ’, ಹಾಗಾಗಿ ಅದು ಅಮ್ಮ ಪಾರಾ. ಆ ಪದದ ಮೊದಲ ಅಕ್ಷರ ನಮ್ಮ ಅಕಾರವಲ್ಲ, ಐನ್. ಅದನ್ನು ಗಂಟಲಿನ ನಡುವಿನಿಂದ ಹಿಂಡಿ ತೆಗೆಯಬೇಕು. ನಲವತ್ತು ವರ್ಷ ಸಲೀಸಾಗಿ ಕರೆದ ಅಮ್ಮನನ್ನು ಈಗ ಮೀನಿನ ಮುಳ್ಳು ಸಿಕ್ಕಿಕೊಂಡವನಂತೆ ಕರೆಯುವ ಅಭ್ಯಾಸಕ್ಕೆ ಬಿದ್ದೆ.

ಊರಿನ ಅಮ್ಮನಿಗೆ ಇದು ಹೇಗೆ ಗೊತ್ತಾಗುತ್ತದೆಯೋ ತಿಳಿಯದು. ಮಗ್ರಿಬ್‌ಗೂ ರಾತ್ರಿಯ ನಮಾಜಾದ ಇಶಾಕ್ಕೂ ನಡುವೆ ನನಗೆ ಸಿಗುವುದು ಒಂದೂಕಾಲು ಗಂಟೆ. ಅವಳು ದೇವರ ಮುಂದೆ ದೀಪ ಹಚ್ಚಿ, ಹಾಲನ್ನು ಒಲೆಯ ಮೇಲಿಟ್ಟು, ಮೊಬೈಲು ಕೈಗೆತ್ತಿಕೊಳ್ಳುವುದೂ ಅದೇ ಹೊತ್ತಿಗೆ. ಮೊದಲ ಪ್ರಶ್ನೆ, “ಉಂಡ್ಯಾ?” ಸಂಜೆ ಆರೂಮುಕ್ಕಾಲಿಗೆ ಜಗತ್ತಿನಲ್ಲಿ ಯಾರೂ ಉಂಡಿರುವುದಿಲ್ಲ. ಎರಡನೆಯದು, “ಏನ್ ಮಾಡ್ತಿದ್ದೆ?” ಓದುತ್ತಿದ್ದೆನೆಂದು ಹೇಳಿದ ಕೂಡಲೇ ದನಿ ತಗ್ಗಿಸಿ, “ಅಯ್ಯೋ, ಪಾರಾಯಣಕ್ಕೆ ಕೂತಿದ್ದೀಯಾ? ಹಂಗಾದ್ರೆ ಇಡ್ತೀನಿ ಕಣಪ್ಪ” ಎನ್ನುತ್ತಾಳೆ. ಪಾರಾ ಎಂಬುದು ಪಾರಾಯಣದ ಮೊಟಕು ರೂಪವೆಂದು ಅವಳು ತೀರ್ಮಾನಿಸಿದ್ದಾಳೆ.

ಈ ‘ಇಡ್ತೀನಿ’ಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಅದು ಪತ್ರದ ಕರಡು. ಸಹಿ ಬೀಳುವವರೆಗೆ ಅದಕ್ಕೆ ಬೆಲೆಯಿಲ್ಲ. ಮೊದಲನೆಯ ‘ಇಡ್ತೀನಿ’ಯ ಬೆನ್ನಿಗೆ ಕೊಬ್ಬರಿಯ ರೇಟು ಬರುತ್ತದೆ: ತಿಪಟೂರಿನ ಮಾರುಕಟ್ಟೆಯಲ್ಲಿ ಈ ವಾರ ಎಷ್ಟಕ್ಕೆ ಹೋಯಿತು, ಹೋದ ವಾರವೇ ಮಾರಿದ ಚಿಕ್ಕಪ್ಪ ಎಷ್ಟು ಕಳೆದುಕೊಂಡ, ಮಾರಬೇಡವೆಂದು ತಾನು ಮುಂಚೆಯೇ ಹೇಗೆ ಹೇಳಿದ್ದೆ. ಎರಡನೆಯದಕ್ಕೆ ಮೂಲೆಯ ತೆಂಗಿನ ಮರದ ನುಸಿ. ಮೂರನೆಯದಕ್ಕೆ ಪಕ್ಕದ ತೋಟದವರು ಕೊರೆಸಿದ ಬೋರು, ಅದರಲ್ಲಿ ಬಂದ ನೀರು, ಆ ನೀರನ್ನು ಕಂಡು ನಮ್ಮ ಬಾವಿ ಪಟ್ಟ ಸಂಕಟ. ನಾಲ್ಕನೆಯದಕ್ಕೆ ನನ್ನ ಮದುವೆ: “ನಮ್ಮ ಕಡೆಯಿಂದಂತೂ ಆಗ್ಲಿಲ್ಲ, ಈಗ ಆ ಕಡೆಯಿಂದಾದ್ರೂ ಯಾರನ್ನಾದ್ರೂ ನೋಡ್ಕೊಳೋ. ಅಡುಗೆ ಬಂದ್ರೆ ಸಾಕು.” ಐದನೆಯ ಸಲ, “ಸರಿ, ನೀನು ಓದ್ಕೋ, ಇಡ್ತೀನಿ” ಎಂದು ಹೇಳಿ, ನಾನು ಕೆಂಪು ಗುಂಡಿಯ ಮೇಲೆ ಬೆರಳಿಡುವಷ್ಟರಲ್ಲಿ, “ಮರ್ತೇ ಹೋಗಿತ್ತು ನೋಡು” ಎನ್ನುತ್ತಾಳೆ. ಮರೆತಿದ್ದದ್ದು ನೆನಪಾದ ಮೇಲೆ, ಓದಲು ಕುಳಿತವನು ಮೊಬೈಲನ್ನು ಹತ್ತಿರ ಇಟ್ಟುಕೊಂಡಿರುವುದಕ್ಕೆ ಬೈಗುಳ. ಒಟ್ಟು ಇಪ್ಪತ್ತೆರಡು ನಿಮಿಷ. ಸದ್ದು ಅಡಗಿಸಿಟ್ಟು ನೋಡಿದೆ. ಕೆಳಗಿನ ಮನೆಯವರಿಗೆ ಕರೆ ಮಾಡಿ, “ಒಸಿ ಮೇಲೆ ಹೋಗಿ ನೋಡಿ, ಹುಷಾರಾಗವ್ನಾ ಅಂತ” ಎಂದು ಕಳಿಸಿದಳು.

ಕರೆ ಬಂದಾಗಲೆಲ್ಲ ನನ್ನ ಬಾಯಿಂದ ‘ಉಫ್’ ಹೊರಡುತ್ತಿತ್ತು. ಬೆಳಗಿನ ಹೊತ್ತು ಓದುವ ಕನ್ನಡ ಅನುವಾದವು ಒಂದು ದಿನ 17ನೆಯ ಸೂರಾದ 23ನೆಯ ಆಯತ್‌ಗೆ ಬಂದು ನಿಂತಿತು. ತಂದೆತಾಯಿಯರಲ್ಲಿ ಒಬ್ಬರಾಗಲಿ ಇಬ್ಬರೂ ಆಗಲಿ ಮುಪ್ಪನ್ನು ತಲುಪಿದರೆ ಅವರಿಗೆ ‘ಉಫ್’ ಎಂದು ಕೂಡ ಅನ್ನಬಾರದು ಎಂದಿತ್ತು. ಅರಬಿಯಲ್ಲಿಯೂ ಅದೇ ಪದ, ಉಫ್! ಐನ್ ಬೇಡ, ಎರಡು ಬಗೆಯ ಹಕಾರ ಬೇಡ; ಇಡೀ ಗ್ರಂಥದಲ್ಲಿ ನಾನು ಹುಟ್ಟಿನಿಂದ ಶುದ್ಧವಾಗಿ ಉಚ್ಚರಿಸುತ್ತ ಬಂದ ಪದ ಇದೊಂದೇ, ಅದೇ ನಿಷಿದ್ಧ. ಪತ್ರದಲ್ಲಿ ಬರೆಯದಿರುವುದು ಬಾಧ್ಯತೆಯಾಗುವುದಿಲ್ಲವೆಂಬ ಧೈರ್ಯದಿಂದ ಹಜ್ರತರ ಬಳಿ ಹೋಗಿ, ‘ಛೆ’ ಎನ್ನಬಹುದೇ ಎಂದು ವಿಚಾರಿಸಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿ, “ಕನ್ನಡದ್ದೂ ಸೇರಿದೆ” ಎಂದರು.

ಅಮ್ಮ ಪಾರಾ ಆರಂಭಿಸಿದ ಹೊಸದರಲ್ಲಿ ಒಂದು ಸಂಜೆ, ಏನು ಓದುತ್ತಿದ್ದೀಯೆಂದು ಅವಳು ಕೇಳಿದಳು. ಹೆಸರು ಹೇಳಿದೆ.

“ನನ್ ಮೇಲೆ ಬರ್ದವ್ರಾ?”

“ಇಲ್ಲಮ್ಮ. ಅರಬಿಯಲ್ಲಿ ‘ಅಮ್ಮ’ ಅಂದ್ರೆ ‘ಯಾತರ ಬಗ್ಗೆ’ ಅಂತ.”

“ಅದೇ, ಯಾತರ ಬಗ್ಗೆ?”

“‘ಯಾತರ ಬಗ್ಗೆ’ ಅಂತಲೇ.”

“ಅದ್ನೇ ಕಣೋ ನಾನು ಕೇಳ್ತಿರೋದು, ಯಾತರ ಬಗ್ಗೆ ಅಂತ!”

ಹೀಗೆ ನಾಲ್ಕು ನಿಮಿಷ ನಡೆದ ಮೇಲೆ ನಾನು ಸೋತು, ಇಡೀ ಆಯತ್ತಿನ ಅರ್ಥ ಹೇಳಿದೆ: ಅವರು ಯಾತರ ಬಗ್ಗೆ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದಾರೆ? ಅಮ್ಮ ಸುಮ್ಮನಾದಳು. ಆಮೇಲೆ, “ಇನ್ಯಾತರ ಬಗ್ಗೆ ಕೇಳ್ಕೊತಾರೆ, ನಿನ್ ಬಗ್ಗೇನೇ. ಈಗ ಕಮ್ಮಿ ಮಾಡವ್ರೆ” ಎಂದಳು.

ನಾನು ಮತಾಂತರವಾದ ಸುದ್ದಿ ಊರಿಗೆ ತಲುಪಿದ ಮೇಲೆ ಐದು ತಿಂಗಳು ಅವಳು ಕರೆ ಮಾಡಲಿಲ್ಲ, ನಾನು ಮಾಡಿದರೆ ಎತ್ತಲಿಲ್ಲ. ಹಾಲಿನ ಡೇರಿಯ ಮುಂದೆ, ದೇವಸ್ಥಾನದ ಕಟ್ಟೆಯ ಮೇಲೆ, ಬಸ್ಸಿನಲ್ಲಿ ಜನ ಏನೇನು ಕೇಳಿದರೆಂಬುದನ್ನು ಅವಳು ಇಂದಿಗೂ ಹೇಳಿಲ್ಲ. ಆ ಐದು ತಿಂಗಳು ನನ್ನ ಕೋಣೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಬೆಚ್ಚಿಬೀಳುವಂಥ ನಿಶ್ಶಬ್ದವಿತ್ತು. ಏಕಾಗ್ರತೆಗೆ ಅದಕ್ಕಿಂತ ಒಳ್ಳೆಯ ಕಾಲ ನನಗೆ ಸಿಕ್ಕಿರಲಿಲ್ಲ, ಆದರೆ ಆಗ ನಾನು ಒಂದು ಪುಟವನ್ನೂ ನೆಟ್ಟಗೆ ಓದಲಿಲ್ಲ. ಕಣ್ಣು ಆಯತ್ತಿನ ಮೇಲೆ, ಕಿವಿ ಮೊಬೈಲಿನ ಮೇಲೆ. ಆರನೆಯ ತಿಂಗಳ ಒಂದು ಸಂಜೆ ಅದು ಬಡಿದುಕೊಂಡಿತು. ಎತ್ತಿದರೆ, ನಡುವೆ ಏನೂ ಆಗಿಲ್ಲವೆಂಬಂತೆ, “ಉಂಡ್ಯಾ?”

ಮನಸ್ಸು ನಿಲ್ಲದಿರುವುದು ನನಗೆ ಅವಳ ಕಡೆಯಿಂದಲೇ ಬಂದ ಪಿತ್ರಾರ್ಜಿತ ಸ್ವತ್ತೆಂದು ಈಗೀಗ ಅನಿಸುತ್ತಿದೆ. ನಾನು ಚಿಕ್ಕವನಿದ್ದಾಗ ಶ್ರಾವಣದ ಶನಿವಾರಗಳಲ್ಲಿ ಅವಳು ಮಡಿಯುಟ್ಟು ಪಾರಾಯಣಕ್ಕೆ ಕೂರುತ್ತಿದ್ದಳು. ನಡುವೆ ಮಾತನಾಡುವಂತಿರಲಿಲ್ಲವಾದ್ದರಿಂದ ಇಡೀ ಮನೆಯನ್ನು ‘ಹ್ಞೂಂ’ ಎಂಬ ಒಂದೇ ಸದ್ದಿನಿಂದ ಆಳುತ್ತಿದ್ದಳು. ಮೋಟು ‘ಹ್ಞೂಂ’ ಎಂದರೆ ಸಂಡಿಗೆಗೆ ಕಾಗೆ ಬಂದಿದೆ. ಎರಡು ಸಲ ಬಂದರೆ ಕರು ಹಗ್ಗ ಕಿತ್ತುಕೊಂಡಿದೆ. ಮೂಗಿನಿಂದ ಹೊರಟು ಮೇಲಕ್ಕೇರುತ್ತ ಹೋಗುವ ಉದ್ದನೆಯ ‘ಹ್ಞೂಂಂಂ’ ಎಂದರೆ ಹಾಲು ಉಕ್ಕುತ್ತಿದೆ, ಓಡು. ಕಣ್ಣು ಪುಸ್ತಕದಿಂದ ಕದಲುತ್ತಿರಲಿಲ್ಲ, ಶ್ಲೋಕವೂ ತಪ್ಪುತ್ತಿರಲಿಲ್ಲ.

ನಿನ್ನೆ ಮೂರನೆಯ ‘ಇಡ್ತೀನಿ’ಯಾದ ಮೇಲೆ ನನ್ನ ಉತ್ತರಗಳು ಚಿಕ್ಕದಾಗುತ್ತಿರುವುದು ಅವಳಿಗೆ ಗೊತ್ತಾಗಿರಬೇಕು. “ಸರಿ, ನೀನು ಓದು. ನಾನು ಇಡಲ್ಲ, ಕೇಳ್ತಾ ಕೂತಿರ್ತೀನಿ” ಎಂದಳು. ಮೊಬೈಲನ್ನು ರೆಹಲಿನಿಂದ ಕೆಳಗಿಳಿಸಿ, ಚಾಳೀಸು ಏರಿಸಿಕೊಂಡು, ಅಚ್ಚಿನ ಪ್ರತಿಯನ್ನೇ ತೆರೆದೆ. ಗಂಟಲು ಹಿಂಡಿ ‘ಅಮ್ಮ’ ಎಂದು ಆರಂಭಿಸಿದೆ. ಆಯತ್ ಮುಗಿದಲ್ಲಿ ನಿಲ್ಲಿಸಿದರೆ, ಕಥೆ ಕೇಳುವವರು ಹೂಂಗುಡುವಂತೆ ಆ ಕಡೆಯಿಂದ ಸಣ್ಣಗೆ, “ಹ್ಞೂಂ.” ಮುಂದಿನದಕ್ಕೂ, “ಹ್ಞೂಂ.” ಹೀಗೆ ತಡವರಿಸುತ್ತ, ಭೂಮಿಯನ್ನು ಹಾಸಾಗಿ ಹರಡಿ ಪರ್ವತಗಳನ್ನು ಗೂಟಗಳಾಗಿ ನೆಟ್ಟ 7ನೆಯ ಆಯತ್ತಿನವರೆಗೆ ಬಂದೆ. ನನಗೇ ಆಶ್ಚರ್ಯವಾಗುವಂತೆ ಚೆಕ್ಕುಬಂದಿ, ಓಣಿ, ಸಾಕ್ಷಿಗಳು ಯಾವುದೂ ಅಡ್ಡ ಬಂದಿರಲಿಲ್ಲ. ಅಲ್ಲಿ ನಿಲ್ಲಿಸಿದಾಗ ಬಂದ ‘ಹ್ಞೂಂ’ ಮಾತ್ರ ಬೇರೆಯಾಗಿತ್ತು. ಮೂಗಿನಿಂದ ಹೊರಟು ಮೇಲಕ್ಕೇರುತ್ತ, ಏರುತ್ತ ಹೋಯಿತು.

“ಅಮ್ಮಾ, ಹಾಲು!” ಎಂದು ಕೂಗಿದೆ.

ದಡದಡನೆ ಓಡಿದ ಸದ್ದು, ಪಾತ್ರೆ ಇಳಿಸಿದ ಸದ್ದು, ಆಮೇಲೆ ಸುಟ್ಟ ಬೆರಳಿಗೆ ಊದಿಕೊಳ್ಳುತ್ತ ಅವಳು ‘ಉಫ್’ ಎಂದದ್ದು ಕೇಳಿಸಿತು. ಅವಳು ಅನ್ನಬಹುದು, ನಿಷೇಧವಿರುವುದು ಮಕ್ಕಳಿಗೆ. ಮೊಬೈಲಿಗೆ ಮರಳಿ ಬಂದು, “ಹ್ಞೂಂ, ಮುಂದಕ್ಕೆ ಓದು” ಎಂದಳು. ಎಲ್ಲಿ ನಿಲ್ಲಿಸಿದ್ದೆನೆಂಬುದು ಅಷ್ಟರಲ್ಲಿ ನನಗೆ ಮರೆತುಹೋಗಿತ್ತು.