19ನೇ ವಚನ ಬಿಟ್ಟಿದ್ದೇಕೆ?
ಜ್ಞಾನದ ಬಗ್ಗೆ ಓದಿದ ಒಂದು ಲೇಖನವನ್ನು, ಜ್ಞಾನ ಬೇಕಿದ್ದರೆ ದೇವರನ್ನು ಕೇಳಿ, ಬೈಬಲ್‌ನ ಯಾಕೋಬನ ಪತ್ರಿಕೆಯ 1:5 (1ನೇ ಅಧ್ಯಾಯ, 5ನೇ ವಚನ) ಸಾಕು ಎಂದು ಮುಗಿಸಿದ್ದಾರೆ. ಅದೇ ಅಧ್ಯಾಯದ 19ನೇ ವಚನವೂ ಬೇಕಲ್ಲ: ಕೇಳುವುದರಲ್ಲಿ ಚುರುಕು, ಮಾತಿನಲ್ಲಿ ನಿಧಾನ, ಕೋಪದಲ್ಲೂ ನಿಧಾನ. ನಮ್ಮ ಹಾಸನದ ಕಡೆ ಆರಾಧನೆ ಮುಗಿದು ಕಾಫಿ ಲೋಟ ಕೈಗೆ ಬಂದ ಮೇಲೇ ನಾಲಿಗೆ ಜಾರುವುದು. "ಅವರ ಮಗಳಿಗೋಸ್ಕರ ಪ್ರಾರ್ಥನೆ ಮಾಡಿ" ಅಂತ ಶುರುವಾಗಿ ಮನೆ ಗುಟ್ಟೆಲ್ಲ ಬಯಲು! ಹೆಸರು, ಅಗತ್ಯ ಇಷ್ಟು ಹೇಳಿದರೆ ಸಾಕು, ಅದೂ ಆ ಮನೆಯವರನ್ನು ಕೇಳಿಕೊಂಡು. ಬೈಬಲ್‌ನದೇ ಜ್ಞಾನೋಕ್ತಿಗಳು ಪುಸ್ತಕದಲ್ಲಿ 31 ಅಧ್ಯಾಯ, ತಾರೀಖಿಗೊಂದು ಓದಬಹುದು. ಓಡಿಸಿಕೊಂಡು ಹೋದರೆ ದಕ್ಕಲ್ಲ. 18:13 ಒಂದನ್ನೇ ವಾರವಿಡೀ ಹಿಡಿಯಿರಿ: ಪೂರ್ತಿ ಕೇಳದೆ ಉತ್ತರ ಕೊಡುವುದು ಮೂರ್ಖತನ. ಸಿಟ್ಟಿನ ವಾಟ್ಸಾಪ್ ಉತ್ತರ ರಾತ್ರಿ ಕಳಿಸಬೇಡಿ. ಬೆಳಿಗ್ಗೆ ಯಾಕೋಬ 3:17 ಪಕ್ಕದಲ್ಲಿಟ್ಟು ಓದಿದರೆ ಅರ್ಧ ಸಾಲು ತಾನೇ ಅಳಿಸಿಹೋಗುತ್ತೆ. ಅಲ್ಲಿ ಹೇಳಿರುವ, ಮೇಲಿನಿಂದ ಬರುವ ಜ್ಞಾನದಲ್ಲಿ ಮೊದಲು ಪರಿಶುದ್ಧತೆ, ಆಮೇಲೆ ಸಮಾಧಾನ. ಜಗಳ ತಪ್ಪಿಸಲು ಸುಳ್ಳು ಹೇಳುವವರು ಈ ಕ್ರಮವನ್ನೇ ತಿರುಗಿಸಿರುತ್ತಾರೆ.