ಎಡಗೈಯಲ್ಲಿ ಕಾಫಿ ಇದೆ ಸ್ವಾಮಿ

ಬೆಳಗ್ಗೆ ಎಂಟೂವರೆ. ಜಯನಗರದ ಒಂದು ದರ್ಶಿನಿ. ನಿಂತುಕೊಂಡು ತಿನ್ನುವ ಎತ್ತರದ ಟೇಬಲ್ಲಿನ ಮೇಲೆ ನನ್ನ ಇಡ್ಲಿ ತಟ್ಟೆ. ಅದಕ್ಕೆ ಅಂಟಿಕೊಂಡಂತೆ, ಪರಿಚಯವಿಲ್ಲದ ಹಿರಿಯರೊಬ್ಬರ ಸಾಂಬಾರ್ ವಡೆಯ ಬಟ್ಟಲು. ನನ್ನ ಎಡಗೈಯಲ್ಲಿ ಬಿಸಿ ಕಾಫಿ, ಬಲಗೈಯಲ್ಲಿ ಫೋನು.

ಹೆಂಡತಿಯ ಮೆಸೇಜು ಬಂದಿತ್ತು. ಕೊತ್ತಂಬರಿ ಸೊಪ್ಪು, ಮೊಸರು, ಅರ್ಧ ಕೆಜಿ ರವೆ. ಓದಿ ಮುಗಿಸಿ ಹಿಂದಕ್ಕೆ ಹೋಗಬೇಕಿತ್ತು. ಹಿಂದಕ್ಕೆ ಹೋಗುವ ಬಾಣದ ಗುರುತು ಇರುವುದು ಪರದೆಯ ಮೇಲ್ತುದಿಯಲ್ಲಿ, ಎಡಮೂಲೆಯಲ್ಲಿ. ನನ್ನ ಹೆಬ್ಬೆರಳು ಕೋಲಾರದಲ್ಲಿದ್ದರೆ ಆ ಬಾಣ ಬೆಳಗಾವಿಯಲ್ಲಿ.

ಹೆಬ್ಬೆರಳು ಚಾಚಿದೆ. ಎಟುಕಲಿಲ್ಲ. ಕಿರುಬೆರಳನ್ನು ಫೋನಿನ ತಳಕ್ಕೆ ಆಸರೆ ಕೊಟ್ಟು, ಅಂಗೈಯಲ್ಲೇ ಅದನ್ನು ಒಂಚೂರು ಕೆಳಕ್ಕೆ ಜಾರಿಸಿದೆ. ಇನ್ನೇನು ಸಿಕ್ಕೇಬಿಟ್ಟಿತು ಅನ್ನುವಷ್ಟರಲ್ಲಿ ಕಿರುಬೆರಳು ಕೈಕೊಟ್ಟಿತು. ಫೋನು ಒಂದು ಪಲ್ಟಿ ಹೊಡೆದು ಆ ಹಿರಿಯರ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಂತಿತು. ನಿಂತಿತು ಅಂದರೆ ನಿಜವಾಗಿಯೂ ನಿಂತಿತು. ವಡೆ ಅದಕ್ಕೆ ಆಧಾರವಾಗಿತ್ತು.

ಅವರು ಚಮಚವನ್ನು ಗಾಳಿಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದರು. "ಡಿಪ್ ಅಂದ್ರೆ ವಡೆಗೆ ಮಾತ್ರ ಅಂದ್ಕೊಂಡಿದ್ದೆ" ಅಂದರು.

ಇಷ್ಟೆಲ್ಲ ಆದರೂ ಎಡಗೈಯ ಕಾಫಿ ಒಂದು ಹನಿಯೂ ಚೆಲ್ಲಲಿಲ್ಲ. ಅದೊಂದು ಸಮಾಧಾನ.

ಫೋನಿಗೆ ಏನೂ ಆಗಲಿಲ್ಲ. ಪೆಟ್ಟಿಗೆಯ ಮೇಲೆ ಐಪಿ68 ಅಂತ ಬರೆದಿತ್ತು. 6 ಅಂದರೆ ಧೂಳು ಒಳಗೆ ಹೋಗಲ್ಲ, 8 ಅಂದರೆ ನೀರಿನಲ್ಲಿ ಮುಳುಗಿದರೂ ಕೆಲವು ನಿಮಿಷ ತಡೆಯುತ್ತದೆ. ಆದರೆ ಆ ಪರೀಕ್ಷೆಯನ್ನೆಲ್ಲ ಮಾಡುವುದು ಸಿಹಿನೀರಿನಲ್ಲಿ. ಹುಣಸೆಹುಳಿ, ಇಂಗು, ಬೇಳೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಹದಿನೈದು ದಿನ ಸ್ಪೀಕರಿನಲ್ಲಿ ಯಾರು ಮಾತಾಡಿದರೂ ಬಾಯಲ್ಲಿ ತುತ್ತು ಇಟ್ಟುಕೊಂಡೇ ಮಾತಾಡಿದಂತೆ ಕೇಳುತ್ತಿತ್ತು.

ಈ ಹಲಗೆಯನ್ನು ನಾನು ಇಷ್ಟಪಟ್ಟು ತಂದವನಲ್ಲ. ಮೊದಲು ನನ್ನ ಹತ್ತಿರ ಇದ್ದದ್ದು 2016ರ ಐಫೋನ್ ಎಸ್‌ಇ. 4 ಇಂಚಿನ ಪರದೆ, 113 ಗ್ರಾಂ ತೂಕ. ಜೇಬಿನಲ್ಲಿದೆಯೋ ಇಲ್ಲವೋ ಅಂತ ಆಗಾಗ ಮುಟ್ಟಿ ನೋಡಿಕೊಳ್ಳಬೇಕಿತ್ತು. ಬಿಎಂಟಿಸಿ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಲ್ಲೇ ಊರಿಗೆಲ್ಲ ಉತ್ತರ ಬರೆಯುತ್ತಿದ್ದೆ. ಪರದೆಯ ನಾಲ್ಕೂ ಮೂಲೆ ನನ್ನ ಹೆಬ್ಬೆರಳಿನ ಸುಪರ್ದಿನಲ್ಲಿತ್ತು. ಒಂದು ದಿನ ಅದರ ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಪರದೆಯನ್ನೇ ಎತ್ತಿಬಿಟ್ಟಿತು. ಅಲ್ಲಿಗೆ ಮುಗಿಯಿತು.

ಅಂಗಡಿಗೆ ಹೋಗಿ "ಚಿಕ್ಕ ಫೋನು ಬೇಕು" ಅಂದೆ.

"ಎಷ್ಟು ಜಿಬಿ ಸಾರ್?" ಅಂದ ಹುಡುಗ.

"ಜಿಬಿ ಅಲ್ಲಪ್ಪ. ಆಕಾರದಲ್ಲಿ ಚಿಕ್ಕದು."

ಅವನು ನನ್ನ ತಲೆಗೂದಲನ್ನು ಒಮ್ಮೆ ನೋಡಿ, ಒಳಗಿನಿಂದ ಬಟನ್ ಫೋನೊಂದನ್ನು ತಂದಿಟ್ಟ. ಟಾರ್ಚ್ ಇರುವಂಥದ್ದು. ಅದಲ್ಲ ಅಂದಾಗ 6.1 ಇಂಚಿನದನ್ನು ತಂದು "ಇದೇ ಸಾರ್ ತುಂಬಾ ಚಿಕ್ಕದು" ಅಂದ. ಆ ದಿನ ಆಫರ್ ಇದ್ದದ್ದು ಮಾತ್ರ 6.7ರ ಮೇಲೆ. ಆಫರ್ ಅಂದ ಮೇಲೆ ಗೊತ್ತಲ್ಲ, ಬುದ್ಧಿ ಮೊದಲು ಅಂಗಡಿಯಿಂದ ಆಚೆ ಹೋಗುತ್ತದೆ, ದುಡ್ಡು ಆಮೇಲೆ ಹೋಗುತ್ತದೆ.

ಒಂದು ಕಾಲವಿತ್ತು. 2010ರ ಜುಲೈನಲ್ಲಿ ಸ್ಟೀವ್ ಜಾಬ್ಸ್ ಅವರೇ, ಕೈಯಲ್ಲಿ ಹಿಡಿಯೋಕಾಗದಂಥ ಫೋನನ್ನು ಯಾರೂ ಕೊಳ್ಳಲ್ಲ ಎಂಬ ಅರ್ಥದಲ್ಲಿ ಮಾತಾಡಿದ್ದರು. ಮರುವರ್ಷವೇ 5.3 ಇಂಚಿನ ಗ್ಯಾಲಕ್ಸಿ ನೋಟ್ ಬಂತು. ಅದನ್ನು ಕಿವಿಗೆ ಹಿಡಿದವರನ್ನು ನೋಡಿ, ಊಟದ ಮಣೆ ಹಿಡಿದಿದ್ದಾರೆ ಅಂತ ನಾವೆಲ್ಲ ನಕ್ಕೆವು. ಫೋನೂ ಅಲ್ಲದ ಟ್ಯಾಬ್ಲೆಟ್ಟೂ ಅಲ್ಲದ ಅದಕ್ಕೆ ಫ್ಯಾಬ್ಲೆಟ್ ಅನ್ನೋ ಹೆಸರೂ ಅಂಟಿಕೊಂಡಿತು. 2020ರಲ್ಲಿ ಬಂದ ಐಫೋನ್ 12 ಮಿನಿಯ ಪರದೆ ಎಷ್ಟು ಗೊತ್ತಾ? 5.4 ಇಂಚು. ಅಂದಿನ ಭೀಮನಿಗಿಂತ ಇಂದಿನ ವಾಮನನ ಪರದೆಯೇ ದೊಡ್ಡದು!

ಇದರಲ್ಲಿ ಅಳತೆಯ ಆಟವೂ ಇದೆ ಅನ್ನಿ. ಪರದೆಯನ್ನು ಅಳೆಯುವುದು ಮೂಲೆಯಿಂದ ಮೂಲೆಗೆ. ಸುತ್ತಲಿನ ಅಂಚು ಸಣ್ಣದಾಗಿ, ಪರದೆ ಉದ್ದವಾಗಿ ಕಿರಿದಾದರೆ ಇಂಚು ಏರುತ್ತದೆ, ಫೋನು ಅಷ್ಟೇನೂ ಬೆಳೆದಿರುವುದಿಲ್ಲ. ಆ ಮಿನಿ ನಿಜಕ್ಕೂ ಹಳೆಯ ನೋಟ್‌ಗಿಂತ ತುಂಬಾ ಪುಟ್ಟದು. ಆದರೂ ಈ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ನಮ್ಮ ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ಸೈಟನ್ನು ಮೂಲೆಯಿಂದ ಮೂಲೆಗೆ ಅಳೆದರೆ ಸರಿಯಾಗಿ 50 ಅಡಿ ಬರುತ್ತದೆ. ಹಾಗಂತ ಯಾವ ಬ್ರೋಕರಾದರೂ ಅದನ್ನು ಐವತ್ತಡಿ ಸೈಟು ಅಂತ ಮಾರಿದ್ದುಂಟಾ? ಅವರಿಗೇ ಇಲ್ಲದ ಧೈರ್ಯ ಇವರಿಗಿದೆ.

ದೊಡ್ಡ ಫೋನಿನ ಸೆಟ್ಟಿಂಗಿನಲ್ಲಿ ಒಂದು ಕೈ ಮೋಡ್ ಅಂತ ಇರುತ್ತದೆ. ಅದನ್ನು ಒತ್ತಿದರೆ ಪರದೆಯಲ್ಲಿರುವುದೆಲ್ಲ ಕುಗ್ಗಿ ಕೆಳಗಿನ ಮೂಲೆಗೆ ಬಂದು ಕೂರುತ್ತದೆ. ನಾಲ್ಕು ಬೆಡ್‌ರೂಮಿನ ಮನೆ ಕಟ್ಟಿಸಿ, ಗುಡಿಸೋರು ಯಾರು ಅಂತ ಮೂರಕ್ಕೆ ಬೀಗ ಹಾಕಿ, ಅಡುಗೆಮನೆ ಪಕ್ಕದ ರೂಮಿನಲ್ಲೇ ಮಲಗುತ್ತಾರಲ್ಲ, ಹಾಗೆ. ಚಿಕ್ಕಪ್ಪನ ಮಗನ ಸಲಹೆಯಂತೆ ಫೋನಿನ ಬೆನ್ನಿಗೆ ಬೆರಳು ತೂರಿಸುವ ಉಂಗುರವನ್ನೂ ಅಂಟಿಸಿದೆ. ಮೀಟಿಂಗಿನಲ್ಲಿ ಮೇಜಿನ ಮೇಲಿಟ್ಟಾಗ ಕರೆ ಬಂತು. ವೈಬ್ರೇಷನ್ನಿಗೆ ಅದು ಉಂಗುರದ ಮೇಲೆ ಗಿರಗಿರ ತಿರುಗಿ, ಕೊನೆಗೆ ಬಾಸ್ ಕಡೆಗೆ ತಲೆ ಮಾಡಿ ನಿಂತಿತು. ಪರದೆಯ ಮೇಲೆ ಹೆಂಡತಿಯ ಹೆಸರು. ಆ ಹೆಸರನ್ನು ನಾನು ಹೇಗೆ ಸೇವ್ ಮಾಡಿಕೊಂಡಿದ್ದೆ ಅನ್ನೋದು ಇಲ್ಲಿ ಬೇಡ.

ಅಂಗಿ ಜೇಬಿನದು ಬೇರೆಯೇ ಕಥೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ಕವರ್, ಉಂಗುರ ಎಲ್ಲ ಸೇರಿ 260 ಗ್ರಾಂ. ಕಾಲು ಕೆಜಿ ಹುರುಳಿಕಾಯಿಯನ್ನು ಎದೆಯ ಮೇಲೆ ಇಟ್ಟುಕೊಂಡು ಓಡಾಡಿದ ಹಾಗೆ. ಅಂಗಿಯ ಎಡಭಾಗ ಯಾವಾಗಲೂ ಕೆಳಕ್ಕೆ. ಸಂಪಿನಲ್ಲಿ ಕಾವೇರಿ ನೀರು ಎಷ್ಟು ಬಂದಿದೆ ಅಂತ ಬಗ್ಗಿ ನೋಡುವಾಗ ಒಂದು ಕೈ ಮುಚ್ಚಳಕ್ಕೆ, ಇನ್ನೊಂದು ಕೈ ಜೇಬಿಗೆ. ಇಣುಕುವುದಕ್ಕೆ ಟಾರ್ಚ್ ಬೇಕು. ಟಾರ್ಚ್ ಇರುವುದು ಜೇಬಿನಲ್ಲಿರುವ ಫೋನಿನಲ್ಲಿ. ಅಂಗಡಿಯ ಹುಡುಗ ತೋರಿಸಿದ ಬಟನ್ ಫೋನು ಅಂಥ ಹೊತ್ತಿನಲ್ಲಿ ನೆನಪಾಗುತ್ತದೆ.

ಇದನ್ನೆಲ್ಲ ಹೆಂಡತಿಯ ಮುಂದೆ ತೋಡಿಕೊಂಡೆ. "ನಿಮಗೆ ಜೇಬು ಸಾಲಲ್ಲ. ನಮ್ಮ ಬಟ್ಟೆಗೆ ಜೇಬೇ ಇಟ್ಟಿಲ್ಲ. ಸುಮ್ನೆ ಇರಿ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಪ್ಪನೂ ಅವಳ ಪಕ್ಷ. ಅವರು ಅಕ್ಷರವನ್ನು ಎಷ್ಟು ದೊಡ್ಡದು ಮಾಡಿಕೊಂಡಿದ್ದಾರೆಂದರೆ ಪರದೆಗೆ ಎರಡೇ ಪದ ಹಿಡಿಸುತ್ತವೆ. ನನ್ನ ಹಳೆಯ ಎಸ್‌ಇ ಕೊಟ್ಟಿದ್ದರೆ ಒಂದೊಂದೇ ಅಕ್ಷರ ಓದಬೇಕಿತ್ತು. ಟೀವಿ, ಪೇಪರ್, ಮೊಮ್ಮಗಳ ಮುಖ, ಎಲ್ಲವೂ ಅದರಲ್ಲೇ ಬರುವಾಗ ದೊಡ್ಡದೇ ಬೇಕು ಅನ್ನುವವರು ಜಾಸ್ತಿ ಇರುವುದು ಸಹಜ. ಕಂಪನಿಗಳೂ ಅದನ್ನೇ ನೋಡುತ್ತವೆ. 2022ರ ಐಫೋನ್ ಸಾಲಿನಲ್ಲಿ ಮಿನಿಯ ಜಾಗಕ್ಕೆ 6.7 ಇಂಚಿನ ಪ್ಲಸ್ ಬಂತು. ಆಂಡ್ರಾಯ್ಡಿನಲ್ಲಿ ನಮ್ಮಂಥವರ ಆಸರೆಯಾಗಿದ್ದ ಝೆನ್‌ಫೋನ್ 10 ಇದ್ದದ್ದು 5.9 ಇಂಚು. 2024ರಲ್ಲಿ ಬಂದ ಅದರ ತಮ್ಮನದು 6.78. ತಮ್ಮಂದಿರು ಅಣ್ಣನಿಗಿಂತ ಎತ್ತರ ಬೆಳೆಯುವುದು ಎಲ್ಲ ಮನೆಯಲ್ಲೂ ಇದ್ದದ್ದೇ.

ಕೊನೆಗೆ ಹಟ ಹಿಡಿದು ಸೆಕೆಂಡ್‌ಹ್ಯಾಂಡಿನಲ್ಲಿ ಒಂದು 13 ಮಿನಿ ಹುಡುಕಿ ತಂದೆ. ತೂಕ ಸುಮಾರು 140 ಗ್ರಾಂ. ಬಾಣದ ಗುರುತು ಸ್ವಲ್ಪ ಚಾಚಿದರೆ ಎಟುಕುತ್ತದೆ. ಬೆಳಗಾವಿ ಈಗ ತುಮಕೂರಿನಷ್ಟು ಹತ್ತಿರ. ಮೊದಲ ದಿನ ಮನೆಯವರಿಗೆಲ್ಲ ಒಂದೇ ಕೈಯಲ್ಲಿ ಟೈಪ್ ಮಾಡಿ ತೋರಿಸಿದೆ. ಯಾರೂ ನೋಡಲಿಲ್ಲ, ಅವರವರ ಫೋನ್ ನೋಡುತ್ತಿದ್ದರು.

ಚಿಕ್ಕ ಫೋನಿನ ಹೊಟ್ಟೆಯೂ ಚಿಕ್ಕದು ಅಲ್ವಾ? ಬ್ಯಾಟರಿ ಮೊದಲೇ ಸಣ್ಣದು, ಮೇಲಾಗಿ ಯಾರೋ ಮೂರು ವರ್ಷ ಬಳಸಿದ್ದು. ಮಧ್ಯಾಹ್ನ ಮೂರಕ್ಕೆಲ್ಲ ಕೆಂಪು ಗೆರೆ. ಅದಕ್ಕೊಂದು ಪವರ್ ಬ್ಯಾಂಕ್ ತಂದೆ. ಮತ್ತೆ ಅಡುಗೆಮನೆ ತಕ್ಕಡಿ. ಪವರ್ ಬ್ಯಾಂಕ್ ಒಂದೇ 215 ಗ್ರಾಂ.

ಮೊನ್ನೆ ಸಂಜೆ ಅದೇ ದರ್ಶಿನಿಗೆ ಹೋಗಿದ್ದೆ. ಬಲಗೈಯಲ್ಲಿ ಮಿನಿ, ಎಡಗೈಯಲ್ಲಿ ಪವರ್ ಬ್ಯಾಂಕ್, ನಡುವೆ ಗೇಣುದ್ದದ ವೈರು. ದುಡ್ಡು ಕಟ್ಟಿದೆ. ಕೌಂಟರಿನವನು ಕಾಫಿ ಲೋಟವನ್ನು ಮುಂದೆ ತಳ್ಳಿದ. ನಾನು ಲೋಟ ನೋಡಿದೆ, ನನ್ನ ಎರಡೂ ಕೈ ನೋಡಿಕೊಂಡೆ.

"ಬೇಗ ತಗೊಳ್ಳಿ ಸಾರ್, ಹಿಂದೆ ಕ್ಯೂ ಇದೆ" ಅಂದ.